ಫ್ರೀ ಏಜೆಂಟ್ ಅಂದ್ರೆ ಬಿಟ್ಟಿ ಸಿಗೋ ಆಟಗಾರ ಅಲ್ಲ!

2016ರ ಮೇ 30. ಲಂಡನ್ನಿನ ವೆಂಬ್ಲಿ ಸ್ಟೇಡಿಯಂ. ಇಂಗ್ಲೆಂಡ್ ಫುಟ್‌ಬಾಲ್‌ನ ನಾಲ್ಕನೇ ದರ್ಜೆ, ಅಂದ್ರೆ ಲೀಗ್ ಟು ಪ್ಲೇ-ಆಫ್ ಫೈನಲ್ ಆಗಷ್ಟೇ ಮುಗಿದಿತ್ತು. ಎಎಫ್‌ಸಿ ವಿಂಬಲ್ಡನ್ ತಂಡ ಪ್ಲಿಮತ್ ಆರ್ಗೈಲ್ ತಂಡವನ್ನು 2-0 ಗೋಲುಗಳಿಂದ ಸೋಲಿಸಿ ಮೇಲಿನ ದರ್ಜೆಗೆ ಬಡ್ತಿ ಪಡೆದಿತ್ತು. ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಒದ್ದು ಎರಡನೇ ಗೋಲು ಹೊಡೆದವನು ಅಡೆಬಾಯೊ ಅಕಿನ್‌ಫೆನ್ವಾ. ನೂರು ಕಿಲೋ ದಾಟಿದ ಆಜಾನುಬಾಹು. ಅಭಿಮಾನಿಗಳು ಅವನಿಗೆ ಇಟ್ಟ ಹೆಸರೇ ‘ಬೀಸ್ಟ್’.

ಟಿವಿಯವರು ಅವನ ಮುಂದೆ ಮೈಕ್ ಹಿಡಿದರು. ಗೆದ್ದವನ ಬಾಯಲ್ಲಿ ಏನು ಬರುತ್ತೆ? ದೇವರ ದಯೆ, ಅಭಿಮಾನಿಗಳ ಆಶೀರ್ವಾದ, ತಂಡದ ಶ್ರಮ. ಇವನು ಹೇಳಿದ್ದೇ ಬೇರೆ. ಲೆಕ್ಕದ ಪ್ರಕಾರ ನಾನೀಗ ನಿರುದ್ಯೋಗಿ, ಯಾರಾದರೂ ಮ್ಯಾನೇಜರ್‌ಗಳು ನೋಡ್ತಾ ಇದ್ರೆ ನನಗೊಂದು ವಾಟ್ಸಾಪ್ ಹಾಕಿ, ಒಂದು ಕೆಲಸ ಕೊಡಿ ಅನ್ನೋ ಅರ್ಥದ ಮಾತು!

ಇಡೀ ಇಂಗ್ಲೆಂಡ್ ನಕ್ಕಿತು. ಆ ಕ್ಲಿಪ್ ಜಗತ್ತೆಲ್ಲ ಓಡಾಡಿತು. ನಮ್ಮ ನ್ಯೂಸ್‌ರೂಮಿನ ಸ್ಪೋರ್ಟ್ಸ್ ಡೆಸ್ಕ್ ಹುಡುಗರೂ ನೋಡಿ ನಕ್ಕರು. ಮೊದಲ ಸಲ ನಾನೂ ನಕ್ಕೆ. ಎರಡನೇ ಸಲ ನೋಡಿದಾಗ ನಗು ಬರಲಿಲ್ಲ. ವೆಂಬ್ಲಿಯಲ್ಲಿ ಗೋಲು ಹೊಡೆದು ತಂಡಕ್ಕೆ ಬಡ್ತಿ ಕೊಡಿಸಿದ 34 ವರ್ಷದ ಮನುಷ್ಯನಿಗೆ ಮಾರನೇ ದಿನದಿಂದ ಕೆಲಸ ಇಲ್ಲ! ಇದೆಂಥ ವ್ಯವಸ್ಥೆ?

ಫುಟ್‌ಬಾಲ್ ಭಾಷೆಯಲ್ಲಿ ಇಂಥವನಿಗೆ ‘ಫ್ರೀ ಏಜೆಂಟ್’ ಅಂತಾರೆ. ಕೇಳೋಕೆ ಎಷ್ಟು ಚಂದ ಅಲ್ವಾ? ಸ್ವತಂತ್ರ. ಯಾರ ಹಂಗೂ ಇಲ್ಲದವನು. ಆದರೆ ಈ ‘ಫ್ರೀ’ ಅನ್ನೋ ಒಂದಕ್ಷರದ ಹಿಂದೆ ಒಂದು ಮಾರುಕಟ್ಟೆ ಇದೆ, ಎರಡು ಕೋರ್ಟ್ ಕೇಸ್ ಇವೆ, ಮತ್ತೆ ಸಾವಿರಾರು ಮನೆಗಳ ಹೊಟ್ಟೆಪಾಡು ಇದೆ. ಅದನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಮೊದಲು ‘ಟ್ರಾನ್ಸ್‌ಫರ್ ವಿಂಡೋ’ ಅಂದ್ರೆ ಏನು ಅಂತ ನೋಡೋಣ. ನಮ್ಮಲ್ಲಿ ಟ್ರಾನ್ಸ್‌ಫರ್ ಅಂದ ಕೂಡಲೇ ವಿಧಾನಸೌಧದ ಕಾರಿಡಾರು, ಕೈಯಲ್ಲಿ ಶಿಫಾರಸು ಪತ್ರ ನೆನಪಾಗುತ್ತೆ. ಇದು ಆ ವರ್ಗಾವಣೆ ಅಲ್ಲ. ಒಬ್ಬ ಆಟಗಾರ ಒಂದು ಕ್ಲಬ್ ಜತೆ ಎರಡು ವರ್ಷಕ್ಕೋ ನಾಲ್ಕು ವರ್ಷಕ್ಕೋ ಕಾಂಟ್ರ್ಯಾಕ್ಟ್ ಮಾಡಿಕೊಂಡಿರುತ್ತಾನೆ. ಆ ಅವಧಿಯ ನಡುವೆ ಇನ್ನೊಂದು ಕ್ಲಬ್‌ಗೆ ಅವನು ಬೇಕು ಅಂದ್ರೆ, ಮೊದಲ ಕ್ಲಬ್‌ಗೆ ದುಡ್ಡು ಕೊಟ್ಟು ಬಿಡಿಸಿಕೊಂಡು ಹೋಗಬೇಕು. ಅದೇ ಟ್ರಾನ್ಸ್‌ಫರ್. ಈ ವ್ಯವಹಾರ ವರ್ಷವಿಡೀ ನಡೆಯೋ ಹಾಗಿಲ್ಲ. ಬೇಸಿಗೆಯಲ್ಲಿ ಒಂದು ಅವಧಿ, ಜನವರಿಯಲ್ಲಿ ಒಂದು ಅವಧಿ. ಅಷ್ಟೇ. ಆ ಎರಡು ಅವಧಿಗೇ ‘ವಿಂಡೋ’ ಅಂತ ಹೆಸರು. ಕಿಟಕಿ ತೆರೆದಿದ್ದಾಗ ವ್ಯಾಪಾರ, ಮುಚ್ಚಿದ ಮೇಲೆ ಬಂದ್.

ಇಂಗ್ಲೆಂಡಿನಲ್ಲಿ ಇದು ಪುರಾತನ ಪದ್ಧತಿಯೇನಲ್ಲ. ಹಿಂದೆ ಅಲ್ಲಿ ಸೀಸನ್ ನಡೀತಿರುವಾಗಲೇ ಮಾರ್ಚ್ ತಿಂಗಳವರೆಗೆ ಆಟಗಾರರನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಎಲ್ಲ ದೇಶಗಳಿಗೂ ಕಿಟಕಿ ಕಡ್ಡಾಯ ಮಾಡಿದ ಮೇಲೆ, 2002-03ರ ಸೀಸನ್‌ನಿಂದ ಪ್ರೀಮಿಯರ್ ಲೀಗ್‌ನಲ್ಲಿ ಇದು ಜಾರಿಗೆ ಬಂತು. ಉದ್ದೇಶ ಒಳ್ಳೆಯದೇ. ಇಲ್ಲದಿದ್ದರೆ ಏನಾಗುತ್ತೆ? ಏಪ್ರಿಲ್‌ನಲ್ಲಿ ಚಾಂಪಿಯನ್ ಪಟ್ಟಕ್ಕೆ ಪೈಪೋಟಿ ನಡೀತಿರುವಾಗ ದುಡ್ಡಿರೋ ಕ್ಲಬ್ ಎದುರಾಳಿಯ ಒಳ್ಳೇ ಸ್ಟ್ರೈಕರ್‌ನನ್ನೇ ಎತ್ತಿಕೊಂಡು ಹೋಗಬಹುದು. ಆಟ ಹಾಳಾಗುತ್ತೆ.

ಇನ್ನು ಕಿಟಕಿ ಮುಚ್ಚುವ ಕೊನೇ ದಿನ ಇದೆಯಲ್ಲ, ಅದು ನಮ್ಮಂಥ ಟಿವಿಯವರಿಗೆ ಹಬ್ಬ. ಇಂಗ್ಲೆಂಡಿನ ಸ್ಕೈ ಸ್ಪೋರ್ಟ್ಸ್ ಚಾನೆಲ್ ಈ ‘ಡೆಡ್‌ಲೈನ್ ಡೇ’ಯನ್ನು ಎಲೆಕ್ಷನ್ ರಿಸಲ್ಟ್ ಥರ ಮಾಡಿಬಿಟ್ಟಿದೆ. ಜಿಮ್ ವೈಟ್ ಅನ್ನೋ ಆ್ಯಂಕರ್ ಆ ದಿನಕ್ಕೆ ಅಂತಲೇ ಹಳದಿ ಟೈ ಕಟ್ಟಿಕೊಂಡು ಬರುತ್ತಿದ್ದರು. ಆ ಟೈ ಕೂಡ ಫೇಮಸ್ ಆಗೋಯ್ತು! ಪರದೆ ಮೂಲೆಯಲ್ಲಿ ಗಡಿಯಾರ, ಕ್ಲಬ್ ಗೇಟಿನ ಮುಂದೆ ವರದಿಗಾರರು, ಯಾವ ಕಾರಿನಲ್ಲಿ ಯಾರು ಬಂದ್ರು ಅಂತ ಕ್ಷಣಕ್ಷಣದ ಸುದ್ದಿ. ಗಂಟೆ ಬಾರಿಸಿತು, ಕಿಟಕಿ ಮುಚ್ಚಿತು, ನೋಡುಗರು ಟಿವಿ ಆರಿಸಿ ಮಲಗಿದರು.

ಆದರೆ ಅಕ್ಟೋಬರ್‌ನಲ್ಲಿ ಪೇಪರಿನ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಬರುತ್ತೆ. ಇಂಥ ಲೀಗ್ ಟು ಕ್ಲಬ್ ಇಂಥ ಡಿಫೆಂಡರ್‌ನನ್ನು ಸೇರಿಸಿಕೊಂಡಿದೆ ಅಂತ. ಅರೆ, ಕಿಟಕಿ ಮುಚ್ಚಿ ಒಂದು ತಿಂಗಳಾಯ್ತಲ್ಲ? ಇವನು ಎಲ್ಲಿಂದ ಬಂದ? ಗೋಡೆ ಹಾರಿ ಬಂದನಾ?

ಇಲ್ಲ. ಬಾಗಿಲಿನಿಂದಲೇ ಬಂದ. ಕಿಟಕಿ ಇರೋದು ಒಂದು ಕ್ಲಬ್‌ನಿಂದ ಇನ್ನೊಂದು ಕ್ಲಬ್‌ಗೆ ಹೋಗೋರಿಗೆ. ಯಾವ ಕ್ಲಬ್ಬೂ ಇಲ್ಲದವನಿಗೆ ಬೇರೆ ನಿಯಮ. ಫಿಫಾ ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಒಂದು ವಿನಾಯಿತಿ ಇದೆ. ಕಿಟಕಿ ಮುಚ್ಚುವುದಕ್ಕೆ ಮೊದಲೇ ಯಾರ ಕಾಂಟ್ರ್ಯಾಕ್ಟ್ ಮುಗಿದಿದೆಯೋ, ಅಂಥ ಆಟಗಾರನನ್ನು ಕಿಟಕಿ ಮುಚ್ಚಿದ ಮೇಲೂ ನೋಂದಣಿ ಮಾಡಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್‌ನ ಕೆಳಗಿರುವ ಮೂರು ದರ್ಜೆಗಳನ್ನು ನಡೆಸೋದು ಇಂಗ್ಲಿಷ್ ಫುಟ್‌ಬಾಲ್ ಲೀಗ್, ಅಂದ್ರೆ ಇಎಫ್‌ಎಲ್. ಅಲ್ಲಿ ಈ ಬಾಗಿಲು ಮಾರ್ಚ್ ತಿಂಗಳ ನಾಲ್ಕನೇ ಗುರುವಾರದವರೆಗೆ ತೆರೆದಿರುತ್ತೆ. ಆಮೇಲೆ ಸೀಸನ್ನಿನ ಕೊನೇ ಘಟ್ಟ, ಅದಕ್ಕೇ ಅದೂ ಬಂದ್.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ‘ಕಿಟಕಿ ಮುಚ್ಚುವ ಮೊದಲು’ ಅನ್ನೋ ಮಾತು. ಈ ಒಂದು ಮಾತಿನಿಂದ ಏನಾಗುತ್ತೆ ಅನ್ನೋದಕ್ಕೆ ಎರಡು ಕಥೆ ಹೇಳ್ತೀನಿ.

ಸೋಲ್ ಕ್ಯಾಂಬೆಲ್. ಇಂಗ್ಲೆಂಡ್ ಪರ 73 ಪಂದ್ಯ ಆಡಿದ ದಿಗ್ಗಜ ಡಿಫೆಂಡರ್. 2009ರ ಆಗಸ್ಟ್‌ನಲ್ಲಿ ಇವರು ಎಲ್ಲರೂ ಹುಬ್ಬೇರಿಸುವಂತೆ ನಾಟ್ಸ್ ಕೌಂಟಿ ಸೇರಿದರು. 1862ರಲ್ಲಿ ಹುಟ್ಟಿದ, ಜಗತ್ತಿನ ಅತಿ ಹಳೆಯ ವೃತ್ತಿಪರ ಫುಟ್‌ಬಾಲ್ ಕ್ಲಬ್ ಅದು. ಆಗ ಇದ್ದದ್ದು ನಾಲ್ಕನೇ ದರ್ಜೆಯಲ್ಲಿ. ಹೊಸ ಮಾಲೀಕರು ಬಂದಿದ್ದರು, ಕೋಟಿ ಕೋಟಿ ಸುರಿಯುತ್ತೇವೆ ಅಂದಿದ್ದರು. ಐದು ವರ್ಷದ ಕಾಂಟ್ರ್ಯಾಕ್ಟ್. ಸೆಪ್ಟೆಂಬರ್ 19ರಂದು ಮೋರ್ಕಂಬ್ ವಿರುದ್ಧ ಮೊದಲ ಪಂದ್ಯ. 2-1ರಿಂದ ಸೋಲು. ಅಷ್ಟೇ! ಕೆಲವೇ ದಿನದಲ್ಲಿ ಕ್ಯಾಂಬೆಲ್ ಕಾಂಟ್ರ್ಯಾಕ್ಟ್ ರದ್ದು ಮಾಡಿಕೊಂಡು ಹೊರಗೆ ಬಂದರು. ಐದು ವರ್ಷದ ಕಾಂಟ್ರ್ಯಾಕ್ಟಿನಲ್ಲಿ ಆಡಿದ್ದು ಒಂದೇ ಪಂದ್ಯ. ಹೊರಗೆ ಬಂದವರು ಬೇರೆ ಕ್ಲಬ್ ಸೇರಬಹುದಿತ್ತಾ? ಆಗಲಿಲ್ಲ. ಯಾಕಂದ್ರೆ ಅವರು ಫ್ರೀ ಆದದ್ದು ಕಿಟಕಿ ಮುಚ್ಚಿದ ನಂತರ. ಹಳೇ ಕ್ಲಬ್ ಆರ್ಸೆನಲ್‌ಗೆ ಹೋಗಿ ಪ್ರಾಕ್ಟೀಸ್ ಮಾಡಿಕೊಂಡು ಜನವರಿವರೆಗೆ ಕಾದರು. 2010ರ ಜನವರಿಯಲ್ಲಿ ಕಿಟಕಿ ತೆರೆದ ಮೇಲೆ ಅದೇ ಆರ್ಸೆನಲ್ ಅವರನ್ನು ಸೇರಿಸಿಕೊಂಡಿತು. ಮೂರು ವಾರ ಮೊದಲು ಆ ಸಹಿ ಹರಿದು ಹಾಕಿದ್ದರೆ ಅಕ್ಟೋಬರ್‌ನಲ್ಲೇ ಆಡಬಹುದಿತ್ತು.

ಇದಕ್ಕೆ ತದ್ವಿರುದ್ಧ ಯೆನ್ಸ್ ಲೇಮನ್. ಜರ್ಮನಿಯ ಗೋಲ್‌ಕೀಪರ್. 2010ರಲ್ಲೇ ಆಟ ಬಿಟ್ಟು ಮನೆಯಲ್ಲಿದ್ದರು. 2011ರ ಮಾರ್ಚ್‌ನಲ್ಲಿ ಆರ್ಸೆನಲ್‌ನ ಗೋಲ್‌ಕೀಪರ್‌ಗಳು ಒಬ್ಬರ ಹಿಂದೆ ಒಬ್ಬರು ಗಾಯಗೊಂಡರು. ಕಿಟಕಿ ಮುಚ್ಚಿತ್ತು. ಆದರೆ ಲೇಮನ್ ಯಾವ ಕ್ಲಬ್ಬಿನವರೂ ಅಲ್ಲವಲ್ಲ! ಕರೆದರು, ಸಹಿ ಹಾಕಿಸಿದರು. 41ನೇ ವಯಸ್ಸಿನಲ್ಲಿ ಏಪ್ರಿಲ್ 10ರಂದು ಬ್ಲ್ಯಾಕ್‌ಪೂಲ್ ವಿರುದ್ಧ ಕಣಕ್ಕಿಳಿದರು. ಗೆದ್ದೂ ಬಂದರು.

ಗಾಯಾಳುವಿನ ಜಾಗಕ್ಕೆ ಸೀಸನ್ ಮಧ್ಯೆ ಹೊರಗಿದ್ದವನನ್ನು ಕರೆತರೋದು ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಹೊಸದೇನಲ್ಲ. 2011ರ ಐಪಿಎಲ್ ಹರಾಜಿನಲ್ಲಿ ಕ್ರಿಸ್ ಗೇಲ್‌ನನ್ನು ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನಸ್ ಗಾಯಗೊಂಡಾಗ ಬದಲಿಯಾಗಿ ಬಂದ, ಮೊದಲ ಪಂದ್ಯದಲ್ಲೇ ಸೆಂಚುರಿ, ಆ ಸೀಸನ್‌ನಲ್ಲಿ 608 ರನ್. 2022ರಲ್ಲಿ ರಜತ್ ಪಾಟಿದಾರ್ ಕೂಡ ಹಾಗೇ ಬದಲಿಯಾಗಿ ಬಂದವರು, 2025ರಲ್ಲಿ ಕಪ್ ಎತ್ತಿದ ಕ್ಯಾಪ್ಟನ್ ಆದರು. ಆದರೆ ಒಂದು ವ್ಯತ್ಯಾಸ ನೆನಪಿಡಿ. ಐಪಿಎಲ್‌ನಲ್ಲಿ ಚಾನ್ಸ್ ಸಿಗದವನಿಗೆ ಅವನ ರಾಜ್ಯ ತಂಡ ಇರುತ್ತೆ, ರಣಜಿ ಇರುತ್ತೆ. ಇಂಗ್ಲೆಂಡಿನ ಲೀಗ್ ಟು ಆಟಗಾರನಿಗೆ ಕ್ಲಬ್ಬೇ ಸರ್ವಸ್ವ. ಕ್ಲಬ್ ಇಲ್ಲ ಅಂದ್ರೆ ಸಂಬಳ ಇಲ್ಲ.

ಹಾಗಾದರೆ ಈ ವಿನಾಯಿತಿ ಯಾಕೆ ಬಂತು? ಬಡ ಕ್ಲಬ್‌ಗಳ ಮೇಲಿನ ಕರುಣೆಯಿಂದ ಅಂದುಕೊಳ್ಳಬೇಡಿ. ಇದರ ಬೇರು ಇರೋದು ಒಂದು ಸರಳ ಪ್ರಶ್ನೆಯಲ್ಲಿ: ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಆಟಗಾರ ಯಾರ ಸೊತ್ತು?

ಇಂಗ್ಲೆಂಡಿನಲ್ಲಿ 1960ರ ದಶಕದವರೆಗೆ ಇದ್ದ ಉತ್ತರ ಕೇಳಿದರೆ ನೀವು ಬೆಚ್ಚಿಬೀಳ್ತೀರಿ. ಕಾಂಟ್ರ್ಯಾಕ್ಟ್ ಮುಗಿದರೂ ಆಟಗಾರ ಕ್ಲಬ್‌ನವನೇ! ಕ್ಲಬ್ ಅವನ ನೋಂದಣಿ ಉಳಿಸಿಕೊಳ್ಳಬಹುದು. ಸಂಬಳ ಕೊಡಬೇಕಾಗಿಲ್ಲ, ಆಡಿಸಬೇಕಾಗಿಲ್ಲ, ಬೇರೆ ಕಡೆ ಬಿಡಲೂಬೇಕಾಗಿಲ್ಲ. ಅರಸನ ಕುದುರೆ ಲಾಯದಲ್ಲೇ ಮುಪ್ಪಾಯ್ತು ಅಂತಾರಲ್ಲ, ಹಾಗೆ. ಕುದುರೆಗೆ ಹುಲ್ಲಾದರೂ ಹಾಕ್ತಾರೆ, ಇಲ್ಲಿ ಅದೂ ಇಲ್ಲ. ಅದರ ಮೇಲೆ, 1961ರಲ್ಲಿ ರದ್ದಾಗುವವರೆಗೆ ವಾರಕ್ಕೆ ಗರಿಷ್ಠ 20 ಪೌಂಡ್ ಅನ್ನೋ ಸಂಬಳದ ಮಿತಿ ಬೇರೆ.

ಜಾರ್ಜ್ ಈಸ್ಟ್‌ಹ್ಯಾಮ್ ಅನ್ನೋ ಆಟಗಾರ ಇದರ ವಿರುದ್ಧ ನಿಂತ. 1960ರಲ್ಲಿ ನ್ಯೂಕಾಸಲ್ ಜತೆಗಿನ ಅವನ ಕಾಂಟ್ರ್ಯಾಕ್ಟ್ ಮುಗಿದಿತ್ತು. ಬಿಡಿ, ಹೋಗ್ತೀನಿ ಅಂದ. ಕ್ಲಬ್ ಬಿಡಲಿಲ್ಲ. ಸರಿ, ನಾನು ಆಡೋದೇ ಇಲ್ಲ ಅಂತ ಹೇಳಿ ಲಂಡನ್ ಕಡೆಗೆ ಹೋಗಿ ಕಾರ್ಕ್ ಮಾರುವ ಕೆಲಸಕ್ಕೆ ಸೇರಿದ. ಹೌದು, ಬಾಟಲಿಗೆ ಹಾಕ್ತಾರಲ್ಲ, ಅದೇ ಕಾರ್ಕ್! ತಿಂಗಳುಗಳ ನಂತರ ಕ್ಲಬ್ ಸೋತು ಅವನನ್ನು ಆರ್ಸೆನಲ್‌ಗೆ ಮಾರಿತು. ಆದರೆ ಅವನು ಆಟಗಾರರ ಸಂಘದ ಬೆಂಬಲದಿಂದ ಕೇಸ್ ಮುಂದುವರಿಸಿದ. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪು ಕೊಟ್ಟರು: ಆಟಗಾರನನ್ನು ಹೀಗೆ ಕಟ್ಟಿಹಾಕೋದು ವೃತ್ತಿಗೆ ಒಡ್ಡುವ ಅನ್ಯಾಯದ ಅಡ್ಡಿ.

ಅಲ್ಲಿಗೂ ಮುಗಿಯಲಿಲ್ಲ. ಯುರೋಪಿನಲ್ಲಿ ಕಾಂಟ್ರ್ಯಾಕ್ಟ್ ಮುಗಿದವನನ್ನು ಸೇರಿಸಿಕೊಳ್ಳಬೇಕಾದರೂ ಹಳೇ ಕ್ಲಬ್‌ಗೆ ದುಡ್ಡು ಕೊಡಬೇಕಿತ್ತು. 1990ರಲ್ಲಿ ಬೆಲ್ಜಿಯಂನ ಲೀಜ್ ಕ್ಲಬ್‌ನ ಆಟಗಾರ ಜಾನ್-ಮಾರ್ಕ್ ಬೋಸ್ಮನ್ ಕಾಂಟ್ರ್ಯಾಕ್ಟ್ ಮುಗೀತು. ಹೊಸದಾಗಿ ಕಾಲು ಭಾಗ ಸಂಬಳಕ್ಕೆ ಇರು ಅಂದಿತು ಕ್ಲಬ್. ಅವನು ಫ್ರಾನ್ಸಿನ ಡಂಕರ್ಕ್ ಕ್ಲಬ್ ಸೇರಲು ಹೊರಟ. ದುಡ್ಡು ಕೊಟ್ಟರೆ ಮಾತ್ರ ಬಿಡ್ತೀವಿ ಅಂದರು. ವ್ಯವಹಾರ ಮುರಿದುಬಿತ್ತು. ಬೋಸ್ಮನ್ ಕೋರ್ಟಿಗೆ ಹೋದ. ಐದು ವರ್ಷ ಅಲೆದ. 1995ರ ಡಿಸೆಂಬರ್ 15ರಂದು ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ನ್ಯಾಯಾಲಯ ತೀರ್ಪು ಕೊಟ್ಟಿತು. ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಆಟಗಾರ ಸ್ವತಂತ್ರ. ಯುರೋಪಿಯನ್ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ ಸೇರಿದರೆ ಹಳೇ ಕ್ಲಬ್‌ಗೆ ಒಂದು ಪೈಸೆ ಕೊಡಬೇಕಾಗಿಲ್ಲ.

ಆ ತೀರ್ಪಿನ ಫಲ ಉಂಡವರು ಯಾರು? 2021ರಲ್ಲಿ ಬಾರ್ಸಿಲೋನಾದಿಂದ ಪಿಎಸ್‌ಜಿಗೆ ಹೋದ ಮೆಸ್ಸಿ. 2024ರಲ್ಲಿ ಪಿಎಸ್‌ಜಿಯಿಂದ ರಿಯಲ್ ಮ್ಯಾಡ್ರಿಡ್‌ಗೆ ಹೋದ ಎಂಬಾಪೆ. ಇವರೂ ಫ್ರೀ ಏಜೆಂಟ್‌ಗಳೇ. ಹಳೇ ಕ್ಲಬ್‌ಗೆ ಕೊಡಬೇಕಾದ ದುಡ್ಡು ಉಳಿಯಿತಲ್ಲ, ಅದರಲ್ಲಿ ದೊಡ್ಡ ಪಾಲು ಆಟಗಾರನಿಗೇ ಸಂಬಳ, ಸಹಿ ಬೋನಸ್ ರೂಪದಲ್ಲಿ ಬರುತ್ತೆ. ಮತ್ತೆ ಬೋಸ್ಮನ್? ತೀರ್ಪು ಬರುವ ಹೊತ್ತಿಗೆ ಅವನಿಗೆ 31 ವರ್ಷ. ಆಟದ ಬದುಕು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಬಾವಿ ತೋಡಿದವನಿಗೆ ನೀರು ಸಿಗಲಿಲ್ಲ.

ಈಗ ಕೆಳಗಿನ ದರ್ಜೆಗೆ ಬರೋಣ. ನಿಜವಾದ ಕಥೆ ಇರೋದು ಅಲ್ಲಿ.

ಪ್ರೀಮಿಯರ್ ಲೀಗ್‌ನಲ್ಲಿ 20 ಕ್ಲಬ್. ಅದರ ಕೆಳಗೆ ಇಎಫ್‌ಎಲ್‌ನಲ್ಲಿ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟು. ತಲಾ 24, ಒಟ್ಟು 72 ಕ್ಲಬ್. ಪ್ರತಿ ಕ್ಲಬ್ ಸೀಸನ್‌ಗೆ 46 ಲೀಗ್ ಪಂದ್ಯ ಆಡಬೇಕು. ಪ್ರೀಮಿಯರ್ ಲೀಗ್‌ನವರಿಗಿಂತ ಎಂಟು ಪಂದ್ಯ ಜಾಸ್ತಿ! ಕಪ್ ಪಂದ್ಯಗಳು ಬೇರೆ. ಶನಿವಾರ ಆಟ, ಮಂಗಳವಾರ ಆಟ, ಮತ್ತೆ ಶನಿವಾರ ಆಟ. ಮಳೆಯಲ್ಲಿ, ಚಳಿಯಲ್ಲಿ, ಕೆಸರಲ್ಲಿ. ಮಂಡಿ, ತೊಡೆಯ ಸ್ನಾಯು, ಪಾದದ ಕೀಲು ಉಳಿಯೋದು ಹೇಗೆ? ಅಕ್ಟೋಬರ್ ಹೊತ್ತಿಗೆ ಇಬ್ಬರು ಸ್ಟ್ರೈಕರ್‌ಗಳಲ್ಲಿ ಒಬ್ಬ ಆಸ್ಪತ್ರೆಯಲ್ಲಿ.

ದೊಡ್ಡ ಕ್ಲಬ್‌ಗಳಲ್ಲಿ ಬೆಂಚ್ ಮೇಲೆ ಇನ್ನೂ ಮೂವರು ಕೂತಿರ್ತಾರೆ. ಸಣ್ಣ ಕ್ಲಬ್‌ನಲ್ಲಿ ಯಾರಿದ್ದಾರೆ? ಹದಿನೆಂಟರ ಹುಡುಗ. ಹಿಂದೆ ಇದಕ್ಕೊಂದು ದಾರಿ ಇತ್ತು, ‘ಎಮರ್ಜೆನ್ಸಿ ಲೋನ್’. ಕಿಟಕಿ ಮುಚ್ಚಿದ ಮೇಲೂ ದೊಡ್ಡ ಕ್ಲಬ್‌ನಿಂದ 28ರಿಂದ 93 ದಿನದವರೆಗೆ ಆಟಗಾರನನ್ನು ಎರವಲು ತರಬಹುದಿತ್ತು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಇಸಕೊಂಡು ಬಂದ ಹಾಗೆ. ಕಿಟಕಿಯ ನಿಯಮಕ್ಕೆ ಇದು ವಿರುದ್ಧ ಅಂತ ಫಿಫಾ ತಕರಾರು ಮಾಡಿತು. 2015-16ರ ಸೀಸನ್ನೇ ಕೊನೆ, ಆಮೇಲೆ ಆ ದಾರಿ ಬಂದ್. ಈಗ ಉಳಿದಿರೋದು ಗೋಲ್‌ಕೀಪರ್‌ಗಳಿಗೆ ಮಾತ್ರ, ಅದೂ ಏಳು ದಿನದ ಲೆಕ್ಕದಲ್ಲಿ. ಹಾಗಾಗಿ ಮಧ್ಯದಲ್ಲಿ ಸಿಕ್ಕಿಕೊಂಡ ಸಣ್ಣ ಕ್ಲಬ್‌ಗೆ ಉಳಿದ ಒಂದೇ ಬಾಗಿಲು ಫ್ರೀ ಏಜೆಂಟ್.

ಅದು ನಡೆಯೋದು ಹೇಗೆ? ಮ್ಯಾನೇಜರ್ ಏಜೆಂಟರಿಗೆ ಫೋನ್ ಮಾಡ್ತಾನೆ. ಹೆಸರುಗಳ ಪಟ್ಟಿ ಬರುತ್ತೆ. ಒಬ್ಬನನ್ನು ‘ಟ್ರಯಲ್’ಗೆ ಕರೀತಾರೆ. ಆತ ಬ್ಯಾಗ್ ಹಿಡಿದು ಬರ್ತಾನೆ, ವಾರವೋ ಎರಡು ವಾರವೋ ಇತರರ ಜತೆ ಪ್ರಾಕ್ಟೀಸ್ ಮಾಡ್ತಾನೆ. ಸಂಬಳದ ಖಾತ್ರಿ ಇಲ್ಲ. ಡಾಕ್ಟರ್ ಮಂಡಿ ಒತ್ತಿ ನೋಡ್ತಾರೆ. ಹಿಂದಿನ ಕ್ಲಬ್ ಯಾಕೆ ಬಿಟ್ಟಿತು ಅನ್ನೋ ಪ್ರಶ್ನೆ ಎಲ್ಲರ ಮುಖದ ಮೇಲೆ ಇರುತ್ತೆ. ಒಬ್ಬನೇ ಪಾರ್ಕಿನಲ್ಲಿ ಓಡಿದವನಿಗೂ ತಂಡದ ಜತೆ ಆಡಿದವನಿಗೂ ವ್ಯತ್ಯಾಸ ಇದೆ. ಪಂದ್ಯ ಆಡುವ ಕಸುವು ಬರೋಕೆ ವಾರಗಳೇ ಬೇಕು. ಎಲ್ಲ ಸರಿ ಹೋದರೆ ಕಾಂಟ್ರ್ಯಾಕ್ಟ್. ಎಷ್ಟು ದಿನಕ್ಕೆ? ಬಹಳ ಸಲ ಒಂದು ತಿಂಗಳಿಗೆ, ಇಲ್ಲವೇ ಜನವರಿವರೆಗೆ. ಯಾಕಂದ್ರೆ ಜನವರಿಯಲ್ಲಿ ಕಿಟಕಿ ತೆರೆಯುತ್ತೆ. ಗಾಯಗೊಂಡವನು ವಾಪಸ್ ಬಂದ ಅಂದ್ರೆ ಇವನಿಗೆ ಕೈಕುಲುಕಿ ಬೀಳ್ಕೊಡುಗೆ.

ಕ್ಲಬ್ ಸಾಲ ತೀರಿಸಿಲ್ಲ, ಲೆಕ್ಕಪತ್ರ ಕೊಟ್ಟಿಲ್ಲ ಅಂದ್ರೆ ಲೀಗ್ ‘ಎಂಬಾರ್ಗೋ’ ಹಾಕುತ್ತೆ. ಆಗ ದುಡ್ಡು ಕೊಟ್ಟು ಯಾರನ್ನೂ ಕೊಳ್ಳುವಂತಿಲ್ಲ. ಅಂಥ ಕ್ಲಬ್‌ಗೂ ತಂಡ ಕಟ್ಟೋಕೆ ಜನ ಸಾಲದಿದ್ದಾಗ, ಲೀಗ್‌ನ ಅನುಮತಿ ಪಡೆದು ಫ್ರೀ ಏಜೆಂಟ್‌ಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತೆ. ಇನ್ನೊಂದು ವಿಷಯ. ಫ್ರೀ ಏಜೆಂಟ್ ಎಲ್ಲ ಸಲವೂ ಪೂರ್ತಿ ಫ್ರೀ ಅಲ್ಲ. ಇಂಗ್ಲೆಂಡಿನೊಳಗೆ 24 ವರ್ಷ ತುಂಬದ ಆಟಗಾರನಿಗೆ ಹಳೇ ಕ್ಲಬ್ ಹೊಸ ಕಾಂಟ್ರ್ಯಾಕ್ಟ್ ಕೊಡಲು ಮುಂದಾಗಿದ್ದರೆ, ಅವನನ್ನು ಸೇರಿಸಿಕೊಳ್ಳುವ ಕ್ಲಬ್ ಪರಿಹಾರ ಕೊಡಬೇಕು. ಬೆಳೆಸಿದವರ ಋಣ ಅದು. ಅದು ನ್ಯಾಯವೇ.

ಫಲ ಸಿಗುತ್ತಾ? ಒಮ್ಮೊಮ್ಮೆ ಇಲ್ಲ. 2012ರ ಅಕ್ಟೋಬರ್‌ನಲ್ಲಿ ಲೀಗ್ ಟುನ ತಳದಲ್ಲಿದ್ದ ಬಾರ್ನೆಟ್ ಕ್ಲಬ್ ಒಂದು ಬಾಂಬ್ ಸಿಡಿಸಿತು. ಎಡ್ಗರ್ ಡೇವಿಡ್ಸ್ ಬಂದ! 1995ರಲ್ಲಿ ಅಯಾಕ್ಸ್ ಜತೆ ಚಾಂಪಿಯನ್ಸ್ ಲೀಗ್ ಗೆದ್ದವನು, ಕನ್ನಡಕ ಹಾಕಿಕೊಂಡು ಆಡುತ್ತಿದ್ದ ಡಚ್ ತಾರೆ. 39ನೇ ವಯಸ್ಸಿನಲ್ಲಿ ಆಟಗಾರನೂ ಹೌದು, ಕೋಚೂ ಹೌದು. ತಂಡ ಚೇತರಿಸಿಕೊಂಡಿತು, ಹೋರಾಡಿತು. ಆದರೂ ಸೀಸನ್ನಿನ ಕೊನೇ ದಿನ ಐದನೇ ದರ್ಜೆಗೆ ಬಿತ್ತು. ದೊಡ್ಡ ಹೆಸರು ಬಂದ ಮಾತ್ರಕ್ಕೆ ಮುಳುಗುವ ದೋಣಿ ತೇಲೋದಿಲ್ಲ.

ಒಮ್ಮೊಮ್ಮೆ ಸಿಗುತ್ತೆ. ರಿಕಿ ಲ್ಯಾಂಬರ್ಟ್ ಕಥೆ ಕೇಳಿ. ಲಿವರ್‌ಪೂಲ್ ಅಕಾಡೆಮಿ ಅವನನ್ನು 15ನೇ ವಯಸ್ಸಿನಲ್ಲಿ ಬೇಡ ಅಂತ ಕಳಿಸಿತು. ಆಮೇಲೆ ಬ್ಲ್ಯಾಕ್‌ಪೂಲ್ ಕೂಡ ಕೈಬಿಟ್ಟಿತು. ಇನ್ನೂ ಇಪ್ಪತ್ತು ತುಂಬದ ಹುಡುಗ. ಹೊಟ್ಟೆಪಾಡಿಗೆ ಬೀಟ್‌ರೂಟ್ ಫ್ಯಾಕ್ಟರಿಗೆ ಹೋದ. ಜಾಡಿಗಳಿಗೆ ಮುಚ್ಚಳ ತಿರುಗಿಸುವ ಕೆಲಸ. ದಿನಕ್ಕೆ 20 ಪೌಂಡ್. ಜತೆಜತೆಗೇ ಮ್ಯಾಕಲ್ಸ್‌ಫೀಲ್ಡ್ ಅನ್ನೋ ಪುಟ್ಟ ಕ್ಲಬ್‌ನಲ್ಲಿ ಸಂಬಳ ಇಲ್ಲದೆ ಪ್ರಾಕ್ಟೀಸ್. ಕೊನೆಗೂ ಅವರು ಸೇರಿಸಿಕೊಂಡರು. ಅಲ್ಲಿಂದ ಒಂದೊಂದೇ ಮೆಟ್ಟಿಲು. 2013ರ ಆಗಸ್ಟ್ 14, ವೆಂಬ್ಲಿ. 31 ವರ್ಷದ ಲ್ಯಾಂಬರ್ಟ್ ಇಂಗ್ಲೆಂಡ್ ಪರ ಮೊದಲ ಪಂದ್ಯಕ್ಕೆ ಬದಲಿಯಾಗಿ ಇಳಿದ. ಎದುರಾಳಿ ಸ್ಕಾಟ್ಲೆಂಡ್. ಚೆಂಡು ತಾಗಿದ್ದು ಮೊದಲ ಸಲ, ಅದೇ ಗೋಲು! ಮರುವರ್ಷ ವಿಶ್ವಕಪ್‌ಗೂ ಹೋದ, ಬೇಡ ಅಂದಿದ್ದ ಲಿವರ್‌ಪೂಲ್ ದುಡ್ಡು ಕೊಟ್ಟು ಕರೆದುಕೊಂಡಿತು.

ಈ ಕಥೆ ಕೇಳಿ ಚಪ್ಪಾಳೆ ತಟ್ಟೋಣ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡೋದಿಲ್ಲ. ಅದೇ ಫ್ಯಾಕ್ಟರಿಯಲ್ಲಿ ಉಳಿದುಬಿಟ್ಟವರ ಕಥೆ ಯಾರು ಹೇಳ್ತಾರೆ?

ಇಂಗ್ಲೆಂಡಿನಲ್ಲಿ ಪ್ರತಿ ವರ್ಷ ಸೀಸನ್ ಮುಗಿದ ಕೂಡಲೇ ಕ್ಲಬ್‌ಗಳು ಒಂದು ಪಟ್ಟಿ ಹೊರಡಿಸುತ್ತವೆ. ಯಾರು ಉಳಿದರು, ಯಾರು ಹೊರಗೆ. ಸಾಮಾನ್ಯವಾಗಿ ಜೂನ್ 30ಕ್ಕೆ ಕಾಂಟ್ರ್ಯಾಕ್ಟ್ ಮುಗಿಯುತ್ತೆ. ಆಮೇಲೆ ಸಂಬಳವೂ ನಿಲ್ಲುತ್ತೆ. ಫ್ರಾನ್ಸಿನಲ್ಲಿ ಆಟಗಾರರ ಸಂಘವಾದ ಯುಎನ್‌ಎಫ್‌ಪಿ ಪ್ರತಿ ಬೇಸಿಗೆಯಲ್ಲಿ ಕ್ಲಬ್ ಇಲ್ಲದವರಿಗಾಗಿ ಶಿಬಿರವನ್ನೇ ನಡೆಸುತ್ತೆ. ಕೋಚ್ ಇರ್ತಾರೆ, ಅಭ್ಯಾಸ ಪಂದ್ಯಗಳಿರುತ್ತವೆ. ನಿರುದ್ಯೋಗಿಗಳ ಫುಟ್‌ಬಾಲ್ ತಂಡ! ನಗಬೇಡಿ. ಮೈಯಲ್ಲಿ ಕಸುವಿದೆ, ನನ್ನನ್ನು ನೋಡಿ ಅಂತ ತೋರಿಸಿಕೊಳ್ಳೋಕೆ ಅದೊಂದು ಮರ್ಯಾದೆಯ ವೇದಿಕೆ.

ಕೆಲವೊಮ್ಮೆ ಕ್ಲಬ್ಬೇ ಸಾಯುತ್ತೆ. 1885ರಲ್ಲಿ ಹುಟ್ಟಿ ಎರಡು ಸಲ ಎಫ್‌ಎ ಕಪ್ ಗೆದ್ದಿದ್ದ ಬರಿ ಕ್ಲಬ್ 2019ರ ಏಪ್ರಿಲ್‌ನಲ್ಲಿ ಲೀಗ್ ಒನ್‌ಗೆ ಬಡ್ತಿ ಪಡೆಯಿತು. ಆಗಲೇ ಆಟಗಾರರಿಗೆ ಸಂಬಳ ಬಾಕಿ. ಸಾಲದ ಲೆಕ್ಕ ಸರಿಹೋಗಲಿಲ್ಲ. ಆಗಸ್ಟ್ 27ರಂದು ಲೀಗ್ ಅದನ್ನು ಹೊರಹಾಕಿತು. ಏಪ್ರಿಲ್‌ನಲ್ಲಿ ಸಂಭ್ರಮ, ಆಗಸ್ಟ್‌ನಲ್ಲಿ ಗೇಟಿಗೆ ಬೀಗ. ತಪ್ಪು ಮಾಡಿದವರು ಒಬ್ಬರು, ಬೀದಿಗೆ ಬಿದ್ದವರು ಇನ್ನೊಬ್ಬರು. ಸಂಬಳ ಕೊಡದ ಕ್ಲಬ್‌ಗಳ ಕಾಟ ಜಗತ್ತಿನ ಎಲ್ಲ ಕಡೆ ಇದೆ. ಎರಡು ತಿಂಗಳ ಸಂಬಳ ಬಾಕಿ ಇಟ್ಟರೆ, 15 ದಿನದ ನೋಟಿಸ್ ಕೊಟ್ಟು ಆಟಗಾರ ಕಾಂಟ್ರ್ಯಾಕ್ಟ್ ಮುರಿಯಬಹುದು ಅಂತ ಫಿಫಾ ತನ್ನ ನಿಯಮದಲ್ಲಿ ಸೇರಿಸಿದ್ದು ಇದಕ್ಕೇ.

ಈಗ ನನ್ನದೊಂದು ಸಣ್ಣ ಕಥೆ. ಟಿವಿಯಲ್ಲಿ ಇದನ್ನು ಯಾವತ್ತೂ ಹೇಳಿಲ್ಲ. ವರ್ಷಗಳ ಹಿಂದೆ ನಾನಿದ್ದ ಚಾನೆಲ್ ಒಂದು ಮಧ್ಯಾಹ್ನ ನಿಂತುಹೋಯ್ತು. ಎರಡು ತಿಂಗಳ ಸಂಬಳ ಬಾಕಿ. ಐಡಿ ಕಾರ್ಡ್ ಒಪ್ಪಿಸಿ ಹೊರಗೆ ಬಂದೆವು. ನಾನು ಆಗ ಫ್ರೀ. ಯಾವ ಚಾನೆಲ್ ಬೇಕಾದರೂ ಸೇರಬಹುದಿತ್ತು. ಫೋನ್ ಮಾಡಿದವರೆಲ್ಲ ಹೇಳಿದ್ದು ಒಂದೇ ಮಾತು, ‘ನೋಡೋಣ, ಹೇಳ್ತೀನಿ’. ಮೊದಲ ತಿಂಗಳು ದಿನಾ ಬೆಳಗ್ಗೆ ಶೇವ್ ಮಾಡಿ, ಇಸ್ತ್ರಿ ಅಂಗಿ ಹಾಕಿ ಮನೆಯಿಂದ ಹೊರಡುತ್ತಿದ್ದೆ. ಅಪ್ಪನಿಗೆ ಗೊತ್ತಾಗಬಾರದು ಅಂತ. ಮೂರನೇ ತಿಂಗಳು ಅವರೇ ಕೇಳಿದರು, ‘ಬಸ್ ಚಾರ್ಜಿಗೆ ದುಡ್ಡಿದೆಯೇನೋ?’ ಅವರಿಗೆ ಮೊದಲ ದಿನವೇ ಗೊತ್ತಿತ್ತು. ಕೊನೆಗೆ ಇನ್ನೊಂದು ಚಾನೆಲ್‌ನಲ್ಲಿ ಯಾರೋ ದೀರ್ಘ ರಜೆ ಹಾಕಿದರು. ಆ ಖಾಲಿ ಕುರ್ಚಿಗೆ ಮೂರು ತಿಂಗಳ ಕಾಂಟ್ರ್ಯಾಕ್ಟ್, ರಾತ್ರಿ ಪಾಳಿ. ಸಂಬಳ ಎಷ್ಟು ಅಂತ ಕೂಡ ಕೇಳದೆ ಸಹಿ ಹಾಕಿದೆ. ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಅದಕ್ಕೇ ಹೇಳ್ತೀನಿ, ‘ಫ್ರೀ’ ಅನ್ನೋ ಪದಕ್ಕೆ ಎರಡು ಅರ್ಥ. ಕೇಳಿಸಿಕೊಳ್ಳುವ ಕ್ಲಬ್‌ಗೆ ಅದು ಬಿಟ್ಟಿ. ಹೇಳಿಕೊಳ್ಳುವ ಆಟಗಾರನಿಗೆ ಅದು ಸ್ವಾತಂತ್ರ್ಯ. ಮೆಸ್ಸಿಯ ಮಟ್ಟದಲ್ಲಿ ಎರಡನೇ ಅರ್ಥ ಗೆಲ್ಲುತ್ತೆ. ಲೀಗ್ ಟು ಮಟ್ಟದಲ್ಲಿ ಬಹಳ ಸಲ ಮೊದಲನೆಯದೇ ಗೆಲ್ಲುತ್ತೆ. ಹಾಗಂತ ಆ ಬಾಗಿಲು ಮುಚ್ಚಬೇಕಾ? ಖಂಡಿತ ಬೇಡ. ಅದು ಕ್ಲಬ್‌ಗಳು ಕಂಡುಹಿಡಿದ ಕಳ್ಳದಾರಿ ಅಲ್ಲ. ವ್ಯಾಪಾರಕ್ಕೆ ಕಾಲಮಿತಿ ಹಾಕಬಹುದು, ಕೆಲಸ ಇಲ್ಲದವನ ಅನ್ನಕ್ಕೆ ಹಾಕೋ ಹಾಗಿಲ್ಲ. ಈಸ್ಟ್‌ಹ್ಯಾಮ್ ಕಾರ್ಕ್ ಮಾರಿದ್ದು, ಬೋಸ್ಮನ್ ಐದು ವರ್ಷ ಕೋರ್ಟ್ ಅಲೆದದ್ದು ಇದಕ್ಕೇ. ಬಾಗಿಲು ಇರಲಿ. ಆದರೆ ಅದರೊಳಗೆ ಬಂದವನಿಗೆ ಹೊತ್ತಿಗೆ ಸರಿಯಾಗಿ ಸಂಬಳ, ಗಾಯವಾದರೆ ಚಿಕಿತ್ಸೆ ಸಿಗಲಿ. ಬೇಡವಾದರೆ ಒಂದು ತಿಂಗಳು ಮೊದಲೇ ಮುಖ ನೋಡಿ ಹೇಳುವ ಸೌಜನ್ಯವೂ ಇರಲಿ.

ಅಂದಹಾಗೆ, ಅಕಿನ್‌ಫೆನ್ವಾ ಏನಾದ? ಟಿವಿಯಲ್ಲಿ ಅವನ ಮಾತು ಕೇಳಿದ ವಿಕಂಬ್ ವಾಂಡರರ್ಸ್ ಮ್ಯಾನೇಜರ್ ಗ್ಯಾರೆತ್ ಐನ್ಸ್‌ವರ್ತ್ ಅವನನ್ನು ಸಂಪರ್ಕಿಸಿದರು. ಆಗಿನ್ನೂ ಬೇಸಿಗೆ, ಕಿಟಕಿಯ ಗೊಡವೆ ಇರಲಿಲ್ಲ. 34 ವರ್ಷದವನನ್ನು ನಂಬಿ ಕರೆದುಕೊಂಡರು. ನಾಲ್ಕು ವರ್ಷದ ನಂತರ, 2020ರ ಜುಲೈ 13. ಮತ್ತೆ ಅದೇ ವೆಂಬ್ಲಿ. ಕೋವಿಡ್ ಕಾಲ, ಸ್ಟೇಡಿಯಂ ಖಾಲಿ. ವಿಕಂಬ್ ತಂಡ ಆಕ್ಸ್‌ಫರ್ಡ್ ಯುನೈಟೆಡ್‌ ತಂಡವನ್ನು 2-1ರಿಂದ ಸೋಲಿಸಿ ತನ್ನ ಇತಿಹಾಸದಲ್ಲೇ ಮೊದಲ ಸಲ ಎರಡನೇ ದರ್ಜೆಗೆ ಏರಿತು. ಅಕಿನ್‌ಫೆನ್ವಾ ಮತ್ತೆ ಟಿವಿ ಮುಂದೆ ಬಂದ. ಈ ಸಲ ನನಗೆ ವಾಟ್ಸಾಪ್ ಮಾಡಬೇಕಾದವರು ಒಬ್ಬರೇ, ಲಿವರ್‌ಪೂಲ್ ಮ್ಯಾನೇಜರ್ ಯರ್ಗನ್ ಕ್ಲಾಪ್ ಅಂತ ತಮಾಷೆ ಮಾಡಿದ. ಕ್ಲಾಪ್ ನಿಜಕ್ಕೂ ವಿಡಿಯೋ ಕಳಿಸಿ ಅಭಿನಂದಿಸಿದರು.

ಮುಂದಿನ ಸಲ ಡೆಡ್‌ಲೈನ್ ಡೇ ಮುಗಿದು ಟಿವಿ ಆರಿಸುವಾಗ, ಅಕ್ಟೋಬರ್‌ನಲ್ಲಿ ಬರೋ ಆ ಮೂಲೆಯ ಸಣ್ಣ ಸುದ್ದಿಗೂ ಒಂದು ನಿಮಿಷ ಇಟ್ಟುಕೊಳ್ಳಿ. ಯಾವುದೋ ಊರಿನಲ್ಲಿ ಒಬ್ಬನ ಫೋನ್ ರಿಂಗ್ ಆಗಿರುತ್ತೆ. ‘ನಾಳೆ ಬೆಳಗ್ಗೆ ಬೂಟ್ಸ್ ತಗೊಂಡು ಬಾ’ ಅಂದಿರ್ತಾರೆ. ಆ ಫೋನಿಗೆ ಕಾಯೋದು ಅಂದ್ರೆ ಏನು ಅಂತ ನನಗೆ ಗೊತ್ತು.